ಹುಲಿಗೆ ಎಷ್ಟು ದಪ್ಪದ ಗುಂಡು?

ಶಾಲೆಯ ಗ್ರಂಥಾಲಯದ ಹೊಣೆ ನನ್ನ ಮೇಲಿದ್ದ ವರ್ಷಗಳಲ್ಲಿ, ಬೀರುವಿನಿಂದ ಹೊರಗೆ ಹೋದರೆ ಸುಲಭವಾಗಿ ಹಿಂದಿರುಗದ ಪುಸ್ತಕಗಳು ಕೆಲವಿದ್ದವು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ‘ಕಾಡಿನ ಕಥೆಗಳು’ ಮತ್ತು ಜಿಮ್ ಕಾರ್ಬೆಟ್ಟರ ರುದ್ರಪ್ರಯಾಗದ ಕಥೆ ಅವುಗಳಲ್ಲಿ ಮೊದಲಿನವು. ಓದಿ ಮುಗಿಸಿದ ಹುಡುಗರು ಬಂದು ಕೇಳುತ್ತಿದ್ದ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತಿತ್ತು: “ಸಾರ್, ಹುಲಿ ಹೊಡೆಯೋಕೆ ಎಂಥಾ ಬಂದೂಕು ಬೇಕು? ನಾಲ್ಕುನೂರ ಐದು ಅಂದರೇನು?” ನಲವತ್ತು ನಿಮಿಷಗಳ ಪಿರಿಯಡ್ಡಿನಲ್ಲಿ ಅದಕ್ಕೆ ಉತ್ತರ ಹೇಳಲು ಅವಕಾಶವಿರಲಿಲ್ಲ. ಈಗ ಬಿಡುವಿದೆ. ನಾನು ಬೇಟೆಗಾರನಲ್ಲ, ಜೀವಮಾನದಲ್ಲಿ ಹಿಡಿದದ್ದು ಎನ್.ಸಿ.ಸಿ. ಶಿಬಿರದ .22 ರೈಫಲ್ ಒಂದನ್ನೇ. ಆದರೆ ಈ ಪ್ರಶ್ನೆಯೊಳಗೆ ಚರಿತ್ರೆಯೂ ಭೌತಶಾಸ್ತ್ರವೂ ಮನುಷ್ಯರ ಸಾವುನೋವೂ ಹೆಣೆದುಕೊಂಡಿರುವುದರಿಂದ, ಒಬ್ಬ ಮೇಷ್ಟ್ರು ಅದನ್ನು ಕುರಿತು ಬರೆಯುವುದರಲ್ಲಿ ತಪ್ಪಿಲ್ಲವೆಂದು ಭಾವಿಸುತ್ತೇನೆ.

ಕೋವಿ ಬರುವುದಕ್ಕೆ ಮುಂಚೆಯೂ ನಮ್ಮ ನಾಡಿನಲ್ಲಿ ಹುಲಿಯನ್ನು ಎದುರಿಸುತ್ತಿದ್ದರು. ಸೊಸೆವೂರಿನ ಸಳನ ಐತಿಹ್ಯ ನಿಮಗೆಲ್ಲ ಗೊತ್ತು. ಹೊಯ್ಸಳ ದೇಗುಲಗಳ ನೆತ್ತಿಯ ಮೇಲೆ ಆತ ಇಂದಿಗೂ ಹುಲಿಯೊಡನೆ ಸೆಣಸುತ್ತಿದ್ದಾನೆ. ಮೈಸೂರು ಸೀಮೆಯ ಹಳ್ಳಿಗರು ಪೊದೆಯ ಸುತ್ತ ಬಲೆ ಕಟ್ಟಿ, ಹುಲಿಯನ್ನು ಅದರೊಳಕ್ಕೆ ಸಿಲುಕಿಸಿ, ಭರ್ಜಿಗಳಿಂದ ಇರಿಯುತ್ತಿದ್ದರು. ಕೊಡಗಿನಲ್ಲಿ ಹುಲಿ ಕೊಂದ ವೀರನಿಗೆ ‘ನರಿ ಮಂಗಲ’ ಎಂಬ ಮರ್ಯಾದೆ ನಡೆಯುತ್ತಿತ್ತು. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ. ಮದುವೆಯ ಗಂಡಿನಂತೆ ಅವನನ್ನು ಸಿಂಗರಿಸಿ ಕೂರಿಸುತ್ತಿದ್ದರು. ಒಂದು ಹುಲಿಯನ್ನು ಕೊಲ್ಲುವುದು ಮದುವೆಯಷ್ಟೇ ದೊಡ್ಡ ಸಂಗತಿಯಾಗಿದ್ದ ಕಾಲವದು.

ಇನ್ನು ಕೋವಿಯ ವಿಚಾರ. ಹಳೆಯ ಕೋವಿಗಳ ಅಳತೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಇದು ಅನೇಕರನ್ನು ಗೊಂದಲಕ್ಕೆ ಕೆಡವುತ್ತದೆ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ದುಂಡುಗುಂಡುಗಳನ್ನು ಎರಕ ಹೊಯ್ಯಬಹುದೋ ಅಷ್ಟು ‘ಬೋರ್’ ಎಂದು ಲೆಕ್ಕ. ಹನ್ನೆರಡು ಬೋರಿನ ಗುಂಡು 38 ಗ್ರಾಂ. ಎಂಟು ಬೋರಿನದು 57 ಗ್ರಾಂ. ನಾಲ್ಕು ಬೋರಿನದು 113 ಗ್ರಾಂ. ರೈಫಲ್‌ಗಳ ಕಾಲ ಬಂದ ಮೇಲೆ ನಳಿಗೆಯ ವ್ಯಾಸವನ್ನೇ ಅಂಗುಲದ ದಶಾಂಶದಲ್ಲಿ ಹೇಳುವ ರೂಢಿ ಬಂದಿತು. .405 ಎಂದರೆ ಅಂಗುಲದ ಸಾವಿರದಲ್ಲಿ ಹೆಚ್ಚುಕಡಿಮೆ 405 ಭಾಗ. ಈ ವ್ಯಾಸಕ್ಕೇ ಕ್ಯಾಲಿಬರ್ ಎಂದು ಹೆಸರು.

ಹತ್ತೊಂಬತ್ತನೆಯ ಶತಮಾನದ ಬೇಟೆಗಾರರಿಗೆ ಸಿಗುತ್ತಿದ್ದುದು ಕರಿಮದ್ದು ಮಾತ್ರ. ಅದಕ್ಕೆ ಗುಂಡನ್ನು ಬಹಳ ವೇಗದಿಂದ ತಳ್ಳುವ ಶಕ್ತಿಯಿರಲಿಲ್ಲ. ವೇಗ ಹೆಚ್ಚಿಸಲಾಗದಿದ್ದರೆ ಉಳಿಯುವ ದಾರಿ ಗುಂಡಿನ ತೂಕವನ್ನು ಹೆಚ್ಚಿಸುವುದು. ಹಾಗಾಗಿ ಆನೆ, ಕಾಟಿಗಳಿಗೆ ನಾಲ್ಕು ಮತ್ತು ಎಂಟು ಬೋರಿನ ಫಿರಂಗಿಯಂಥ ಕೋವಿಗಳು ಹುಟ್ಟಿಕೊಂಡವು. ನಮ್ಮ ಚಾಮರಾಜನಗರದ ಬಳಿ ಮೊರ್ಲೆಯಲ್ಲಿ ಮನೆ ಮಾಡಿಕೊಂಡು, ಮೈಸೂರು ಸರ್ಕಾರಕ್ಕಾಗಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಇಂಥ ಭಾರೀ ಕೋವಿಗಳನ್ನು ಬಳಸಿದವನು. 1878ರಲ್ಲಿ ಪ್ರಕಟವಾದ ಅವನ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಗ್ರಂಥದಲ್ಲಿ ನಮ್ಮ ಹಳ್ಳಿಗರ ಹುಲಿಬಲೆಯ ವರ್ಣನೆಯೂ ಇದೆ.

ಆದರೆ ಹುಲಿ ಆನೆಯಲ್ಲ. ಆನೆಯ ಮಿದುಳನ್ನು ಮುಟ್ಟಬೇಕಾದರೆ ಗುಂಡು ಅಡಿಗಟ್ಟಲೆ ಮೂಳೆಯನ್ನು ತೂರಿಹೋಗಬೇಕು. ಹುಲಿಯ ಚರ್ಮ ತೆಳು, ದೇಹ ಉದ್ದ, ತೂಕ ಗಂಡಿನಲ್ಲಿ ಸುಮಾರು 200 ಕಿಲೋ. ಚಿರತೆಯಾದರೆ ಅದರ ಮೂರನೆಯ ಒಂದು ಭಾಗ. ಇಂಥ ಪ್ರಾಣಿಗೆ ಗಟ್ಟಿ ಗುಂಡು ಹೊಡೆದರೆ ಅದು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಟುಹೋಗಿ, ಪ್ರಾಣಿಗೆ ಗಾಯ ಮಾಡಿ ಬಿಟ್ಟುಬಿಡಬಹುದು. ಇದಕ್ಕೆ ಪರಿಹಾರವೆಂಬಂತೆ ಬಂದದ್ದು ‘ಎಕ್ಸ್‌ಪ್ರೆಸ್’ ರೈಫಲ್. 1856ರಲ್ಲಿ ಲಂಡನ್ನಿನ ಜೇಮ್ಸ್ ಪರ್ಡಿ ತನ್ನ ವೇಗದ ರೈಫಲ್‌ಗೆ ಎಕ್ಸ್‌ಪ್ರೆಸ್ ರೈಲಿನ ಹೆಸರನ್ನಿಟ್ಟ. ಹಗುರವಾದ ಗುಂಡು, ಹೆಚ್ಚು ಮದ್ದು, ಗುಂಡಿನ ಮೂತಿಯಲ್ಲೊಂದು ಟೊಳ್ಳು. ಹೊಕ್ಕೊಡನೆ ಗುಂಡು ಅಣಬೆಯಂತೆ ಅರಳಿ ಒಳಗೇ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳಬೇಕೆಂಬುದು ಲೆಕ್ಕಾಚಾರ. ಪಕ್ಕೆಗೆ ಬಿದ್ದಾಗ ಲೆಕ್ಕ ಸರಿಹೋಗುತ್ತಿತ್ತು. ಭುಜದ ದಪ್ಪ ಮೂಳೆಗೆ ಬಿದ್ದಾಗ ಗುಂಡು ಅಲ್ಲೇ ಪುಡಿಯಾಗಿ, ಮೇಲುಮೇಲಿನ ಭೀಕರ ಗಾಯ ಮಾಡಿ ನಿಲ್ಲುತ್ತಿತ್ತು. ಗಾಯಗೊಂಡ ಹುಲಿ ಪೊದೆ ಸೇರುತ್ತಿತ್ತು. ಸರ್ ಸ್ಯಾಮ್ಯುಯೆಲ್ ಬೇಕರ್ 1890ರ ತನ್ನ ಗ್ರಂಥದಲ್ಲಿ ಈ ಟೊಳ್ಳುಗುಂಡನ್ನು ಟೀಕಿಸಿ, ಹುಲಿಗೆ .577 ರೈಫಲ್‌ನ ಟೊಳ್ಳಿಲ್ಲದ ಮೆತುಸೀಸದ ಗುಂಡೇ ಲೇಸೆಂದು ವಾದಿಸಿದ. ಅರಳಬೇಕು, ಆದರೆ ಒಡೆಯಬಾರದು ಎಂಬುದು ಅವನ ವಾದದ ತಿರುಳು. ಇಂದಿಗೂ ಗುಂಡು ತಯಾರಕರು ಹೆಣಗುತ್ತಿರುವುದು ಈ ಎರಡು ಮಾತುಗಳ ನಡುವೆಯೇ.

1889ರಲ್ಲಿ ಏಬಲ್ ಮತ್ತು ಡ್ಯೂಅರ್ ಎಂಬ ಇಬ್ಬರು ವಿಜ್ಞಾನಿಗಳು ಕಾರ್ಡೈಟ್ ಎಂಬ ಹೊಗೆರಹಿತ ಮದ್ದನ್ನು ರೂಪಿಸಿದರು. ವೇಗ ಒಮ್ಮೆಲೇ ಏರಿತು, ನಳಿಗೆ ಸಣ್ಣದಾಯಿತು. 1898ರಲ್ಲಿ ಜಾನ್ ರಿಗ್ಬಿ ಕಂಪನಿಯ .450 ನೈಟ್ರೋ ಎಕ್ಸ್‌ಪ್ರೆಸ್ ಬಂದ ಮೇಲೆ ನಾಲ್ಕು ಬೋರಿನ ಫಿರಂಗಿಗಳು ಗೋಡೆ ಸೇರಿದವು. ಇಲ್ಲೊಂದು ಸ್ವಾರಸ್ಯವಿದೆ. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ .450 ಅಳತೆಯ ರೈಫಲ್ ಮತ್ತು ತೋಟಾಗಳನ್ನು ನಿಷೇಧಿಸಿತು. ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಕೋವಿಯ ಗುಂಡೂ ಅದೇ ಅಳತೆಯದು. ಬೇಟೆಯ ತೋಟಾದ ಗುಂಡುಗಳು ಬಂಡುಕೋರರ ಕೈಸೇರಿದರೆ ಆ ಕೋವಿಗಳಿಗೆ ಉಪಯೋಗವಾದೀತೆಂಬ ಹೆದರಿಕೆ. ಭಾರತದ ಮಾರುಕಟ್ಟೆಯನ್ನು ಬಿಡಲಾರದ ಲಂಡನ್ನಿನ ಕೋವಿ ತಯಾರಕರು ಕೂದಲೆಳೆಯ ವ್ಯತ್ಯಾಸ ಮಾಡಿ .465, .470, .475, .476 ಎಂದು ಹೊಸ ಹೊಸ ಕ್ಯಾಲಿಬರ್‌ಗಳನ್ನು ಹುಟ್ಟಿಸಿದರು. ಬೇಟೆಯ ಪುಸ್ತಕಗಳಲ್ಲಿ ಈ ಸಂಖ್ಯೆಗಳ ಜಾತ್ರೆಯನ್ನು ಕಂಡು ತಬ್ಬಿಬ್ಬಾದವರಿಗೆ ಹೇಳುತ್ತೇನೆ: ಅವು ಹುಲಿಯ ಮೈಕಟ್ಟನ್ನು ನೋಡಿ ಹುಟ್ಟಿದವಲ್ಲ, ಸಾಮ್ರಾಜ್ಯದ ಭಯದಿಂದ ಹುಟ್ಟಿದವು.

ಇಷ್ಟಾದ ಮೇಲೆ ಪಾಠದ ಮಾತು. ಒಂಬತ್ತನೆಯ ತರಗತಿಯಲ್ಲಿ ಸಂವೇಗವೆಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ ಎಂದು ಕಲಿತದ್ದನ್ನು ನೆನಪಿಸಿಕೊಳ್ಳಿ. .405 ವಿಂಚೆಸ್ಟರ್‌ನ ಗುಂಡು 300 ಗ್ರೇನ್, ಅಂದರೆ 19.4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಸಂವೇಗ 13 ಮಾನ. ಎರಗಿ ಬರುವ 200 ಕಿಲೋ ಹುಲಿಯ ವೇಗ ಸೆಕೆಂಡಿಗೆ 15 ಮೀಟರ್ ಎಂದಿಟ್ಟುಕೊಂಡರೆ ಅದರ ಸಂವೇಗ 3000 ಮಾನ. ಅಂದಮೇಲೆ ಗುಂಡು ಹುಲಿಯನ್ನು ಹಿಂದಕ್ಕೆ ತಳ್ಳುವುದೆಂಬುದು ಸಿನಿಮಾದ ಮಾತು. ಗುಂಡಿನ ಪೆಟ್ಟಿನಿಂದ ಹುಲಿಯ ವೇಗ ಸೆಕೆಂಡಿಗೆ ಆರೇಳು ಸೆಂಟಿಮೀಟರಿನಷ್ಟು ಮಾತ್ರ ಕಡಿಮೆಯಾಗುತ್ತದೆ.

ಹಾಗಾದರೆ ಹುಲಿ ಬೀಳುವುದು ಹೇಗೆ? ಗುಂಡು ಒಳಗೆ ಏನನ್ನು ಕೆಡಿಸಿತು ಎಂಬುದರಿಂದ. ಮಿದುಳು ಅಥವಾ ಬೆನ್ನುಹುರಿ ಛಿದ್ರವಾದರೆ ನಿಂತಲ್ಲೇ ಬೀಳುತ್ತದೆ. ಭುಜದ ಮೂಳೆ ಮುರಿದರೆ ಮುಗ್ಗರಿಸುತ್ತದೆ. ಹೃದಯಕ್ಕೇ ಬಿದ್ದರೂ ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಕೆಲವು ಸೆಕೆಂಡು ಓಡಬಲ್ಲದು. ಮೂವತ್ತು ಮೀಟರ್ ದೂರದಿಂದ ನಿಮ್ಮನ್ನು ತಲುಪಲು ಅದಕ್ಕೆ ಬೇಕಾದದ್ದು ಎರಡೇ ಸೆಕೆಂಡು. ಆದ್ದರಿಂದ ಅಪಾಯಕಾರಿ ಮೃಗಕ್ಕೆ ಬೇಕಾದ ಕ್ಯಾಲಿಬರ್ ಎಂದರೆ, ಎದುರಿನಿಂದಾಗಲಿ ಓರೆಯಿಂದಾಗಲಿ ಹೊಡೆದರೂ ಮೂಳೆಯನ್ನು ಮುರಿದು ಒಳಗಿನ ಮರ್ಮಸ್ಥಾನವನ್ನು ಮುಟ್ಟುವಷ್ಟು ತೂಕದ ಗುಂಡು. ಆದರೆ ನ್ಯೂಟನ್ನನ ಮೂರನೆಯ ನಿಯಮ ಬೇಟೆಗಾರನಿಗೂ ಅನ್ವಯಿಸುತ್ತದೆ. ಗುಂಡು ಪಡೆದಷ್ಟೇ ಸಂವೇಗ ಹೊಡೆದವನ ಭುಜಕ್ಕೂ ಬರುತ್ತದೆ. ಒದೆತಕ್ಕೆ ಅಂಜಿ ಕಣ್ಣು ಮುಚ್ಚಿ ಕುದುರೆ ಎಳೆಯುವವನ ಕೈಯಲ್ಲಿ ಭಾರೀ ಕೋವಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ಈ ಎರಡು ತುದಿಗಳನ್ನೂ ಜಿಮ್ ಕಾರ್ಬೆಟ್ಟರ ಬಾಳಿನಲ್ಲಿ ಕಾಣಬಹುದು. ಅವರ ಬಳಿ ಮುಖ್ಯವಾಗಿ ಎರಡು ರೈಫಲ್‌ಗಳಿದ್ದವು. ಒಂದು ಜೆಫ್ರಿ ಕಂಪನಿಯ .450/400 ಜೋಡುನಳಿಗೆ, ಗುಂಡಿನ ತೂಕ ಸುಮಾರು 26 ಗ್ರಾಂ. ಇನ್ನೊಂದು .275 ರಿಗ್ಬಿ, ಗುಂಡು ಸುಮಾರು 9 ಗ್ರಾಂ ಮಾತ್ರ. ಎರಡನೆಯದು 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜೆ. ಪಿ. ಹ್ಯೂವೆಟ್ ಕೊಟ್ಟ ಉಡುಗೊರೆ. 1938ರಲ್ಲಿ ಥಾಕ್ ಗ್ರಾಮದ ಹುಲಿಯನ್ನು ಮುಸ್ಸಂಜೆಯಲ್ಲಿ ಕೊಂದದ್ದು ಭಾರೀ ಜೋಡುನಳಿಗೆಯಿಂದ; ಇಕ್ಕಟ್ಟಾದ ಬಂಡೆಯಂಚಿನಲ್ಲಿ ಕೂತಿದ್ದ ಕಾರ್ಬೆಟ್ ಅದರ ಒದೆತಕ್ಕೆ ಆಯತಪ್ಪಿ, ಕೆಳಗೆ ಮುದುಡಿ ಕುಳಿತಿದ್ದ ತಮ್ಮ ಆಳುಗಳ ಮೇಲೆಯೇ ಬಿದ್ದರು. ಆದರೆ 1930ರ ಏಪ್ರಿಲ್ 11ರಂದು ಚೌಗಢದ ಹೆಣ್ಣುಹುಲಿ ಕೆಲವೇ ಅಡಿಗಳ ಅಂತರದಲ್ಲಿ ಬಂಡೆಯ ಮರೆಯಿಂದ ದಿಟ್ಟಿಸುತ್ತಿದ್ದಾಗ ಅವರ ಎಡಗೈಯಲ್ಲಿ ಹಕ್ಕಿಯ ಎರಡು ಮೊಟ್ಟೆಗಳು, ಬಲಗೈಯಲ್ಲಿ .275. ಒಂದೇ ಕೈಯಿಂದ ಕೋವಿಯನ್ನು ಅತಿ ನಿಧಾನವಾಗಿ ಮುಕ್ಕಾಲು ಸುತ್ತು ತಿರುಗಿಸಿ ಗುಂಡು ಹಾರಿಸಿದರು. ರೈಫಲ್ ಹಗುರವಾಗಿರದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲವೆಂದು ಅವರೇ ಬರೆದಿದ್ದಾರೆ. 125 ಮಂದಿಯನ್ನು ಬಲಿ ತೆಗೆದುಕೊಂಡ ರುದ್ರಪ್ರಯಾಗದ ಚಿರತೆಯನ್ನು 1926ರ ಮೇ 2ರ ರಾತ್ರಿ ಮುಗಿಸಿದ್ದೂ ಇದೇ ಸಣ್ಣ ರೈಫಲ್. ಅದು 2015ರಲ್ಲಿ ತಾನು ಹುಟ್ಟಿದ ರಿಗ್ಬಿ ಕಂಪನಿಗೇ ಹಿಂದಿರುಗಿತು.

ಕೆನೆತ್ ಆಂಡರ್ಸನ್ (1910–1974) ನಮ್ಮ ಬೆಂಗಳೂರಿನವರು. ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಬಿಡುವಾದಾಗ ಕಾಡು ಸೇರುತ್ತಿದ್ದವರು. ಹುಡುಗರು ಕೇಳುತ್ತಿದ್ದ ‘ನಾಲ್ಕುನೂರ ಐದು’ ಅವರದು: 1895ರ ಮಾದರಿಯ ವಿಂಚೆಸ್ಟರ್. ಕುದುರೆಯ ಕೆಳಗಿನ ಸನ್ನೆಯನ್ನು ಎಳೆದು ತಳ್ಳಿದರೆ ಹೊಸ ತೋಟಾ ನಳಿಗೆಗೆ ಬರುತ್ತದೆ. ಭುಜದಿಂದ ಕೋವಿಯನ್ನು ಇಳಿಸಬೇಕಾಗಿಲ್ಲ. ಲಂಡನ್ನಿನ ಜೋಡುನಳಿಗೆಗಳು ರಾಜಮಹಾರಾಜರಿಗೆ ಮಾತ್ರ ಕೈಗೆಟುಕುವಂಥವು. ಅಮೆರಿಕೆಯ ಈ ಕಾರ್ಖಾನೆ ಮಾಲು ಸಂಬಳದಾರನಿಗೂ ಎಟುಕುವಂಥದು. ಅಮೆರಿಕೆಯ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಹೋದಾಗ ಸಿಂಹಗಳಿಗೆಂದು ಒಯ್ದದ್ದೂ ಇದೇ .405. ಆನೆ, ಕಾಡೆಮ್ಮೆಗಳಿಗೆ ಅದು ಸಾಲದೆಂಬ ಆಕ್ಷೇಪವಿದ್ದಿತು. ಹುಲಿ, ಸಿಂಹ, ಚಿರತೆಗಳ ಮಟ್ಟಿಗೆ ಗುಂಡಿನ ತೂಕವೂ ವೇಗವೂ ಹದವಾಗಿ ಕೂಡಿದ ಕೋವಿ ಅದು.

ದೊಡ್ಡ ಕೋವಿಯೊಂದೇ ರಕ್ಷಣೆಯಲ್ಲ ಎಂಬುದಕ್ಕೆ ಆಫ್ರಿಕದ ಒಂದು ನಿದರ್ಶನ. 1898ರಲ್ಲಿ ಉಗಾಂಡ ರೈಲ್ವೆಗಾಗಿ ತ್ಸಾವೋ ನದಿಗೆ ಸೇತುವೆ ಕಟ್ಟುತ್ತಿದ್ದಾಗ ಎರಡು ಸಿಂಹಗಳು ಕೆಲಸಗಾರರನ್ನು ಡೇರೆಗಳಿಂದಲೇ ಎಳೆದೊಯ್ದವು. ಭಾರತದಿಂದ ಹೋದ ಕೂಲಿಗಳಲ್ಲೇ 28 ಮಂದಿ ಬಲಿಯಾದರೆಂದು ಎಂಜಿನಿಯರ್ ಜೆ. ಎಚ್. ಪ್ಯಾಟರ್ಸನ್ ಬರೆದಿದ್ದಾನೆ. ಒಂದು ದಿನ ಆತ ತನ್ನ .303 ರೈಫಲ್ ಬಿಟ್ಟು, ಡಾಕ್ಟರೊಬ್ಬರ ಹೆಚ್ಚು ಬಲವಾದ ಜೋಡುನಳಿಗೆಯನ್ನು ಎರವಲು ಪಡೆದು ಕಾದ. ಸಿಂಹ ತೀರ ಹತ್ತಿರ ಬಂತು, ಕುದುರೆ ಎಳೆದ, ತೋಟಾ ಹಾರಲಿಲ್ಲ. ಕೈಗೆ ಪಳಗದ ಕೋವಿಯಾದ್ದರಿಂದ ಎರಡನೆಯ ನಳಿಗೆಯಿದೆಯೆಂಬುದು ಕ್ಷಣಕಾಲ ಹೊಳೆಯಲೇ ಇಲ್ಲ. ಆಗ ತಪ್ಪಿಸಿಕೊಂಡ ಸಿಂಹಗಳು ಸತ್ತದ್ದು ಆ ವರ್ಷದ ಡಿಸೆಂಬರಿನಲ್ಲಿ. ಪಳಗಿದ ಸಣ್ಣ ಕೋವಿ ಎರವಲಿನ ದೊಡ್ಡ ಕೋವಿಗಿಂತ ಲೇಸು ಎಂಬ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಡಬ್ಲ್ಯು. ಡಿ. ಎಂ. ಬೆಲ್ ಎಂಬ ಸ್ಕಾಟ್ಲೆಂಡಿನ ಬೇಟೆಗಾರ .275ರಿಂದಲೇ ನೂರಾರು ಆನೆಗಳನ್ನು ಕೊಂದನೆಂಬುದೂ ನಿಜ. ಆದರೆ ಅವನಂತೆ ಆನೆಯ ತಲೆಬುರುಡೆಯ ರಚನೆಯನ್ನು ಅಭ್ಯಾಸ ಮಾಡಿದವರು ಕೋಟಿಗೊಬ್ಬರು. ಎಲ್ಲರೂ ಬೆಲ್ ಆಗಲಾರರೆಂದೇ ಆಫ್ರಿಕದ ಹಲವು ದೇಶಗಳು ಅಪಾಯಕಾರಿ ಮೃಗಗಳಿಗೆ 1912ರಲ್ಲಿ ಬಂದ .375 ಹಾಲೆಂಡ್ ಮ್ಯಾಗ್ನಮ್ ಅಥವಾ ಅದಕ್ಕೆ ಸಮೀಪದ ಕ್ಯಾಲಿಬರನ್ನು ಕನಿಷ್ಠವೆಂದು ಕಾನೂನು ಮಾಡಿವೆ. ನನ್ನನ್ನು ಒಂದೇ ಉತ್ತರ ಹೇಳೆಂದರೆ, ದೊಡ್ಡ ಬೆಕ್ಕುಗಳ ಮಟ್ಟಿಗೆ ಚರಿತ್ರೆಯ ತೀರ್ಪು .375ರಿಂದ .405ರ ಆಸುಪಾಸಿನಲ್ಲಿದೆ ಎನ್ನುತ್ತೇನೆ.

ಆದರೆ ಈ ಚರ್ಚೆ ಶ್ರೀಮಂತರ ಶೋಕಿಯೆಂದು ತಿಳಿಯಬಾರದು. ಮತ್ತೆ ಚಂಪಾವತಕ್ಕೆ ಬನ್ನಿ. ನೇಪಾಳದಲ್ಲಿ 200, ಕುಮಾವ್‌ನಲ್ಲಿ 236, ಒಟ್ಟು 436 ಮನುಷ್ಯರನ್ನು ಆ ಹುಲಿ ತಿಂದಿತ್ತೆಂದು ಕಾರ್ಬೆಟ್ ಬರೆದಿದ್ದಾರೆ. ಅವರು ಆ ದಿನ ಒಯ್ದದ್ದು ಮೂರೇ ತೋಟಾ. ಮೂರೂ ಮುಗಿದ ಮೇಲೆ, ಗಾಯಗೊಂಡು ಎದುರು ನಿಂತ ಹುಲಿಗೆ ತಹಶೀಲ್ದಾರರ ಹಳೆಯ ಕೋವಿಯನ್ನು ತಂದು ಗುರಿಯಿಟ್ಟರು. ತೆರೆದ ಬಾಯಿಗೆ ಇಟ್ಟ ಗುರಿ ಪಂಜಕ್ಕೆ ಬಿತ್ತು. ಅಷ್ಟರಲ್ಲಿ ಮೊದಲಿನ ಗಾಯಗಳಿಂದಲೇ ಹುಲಿ ಸೋತಿತ್ತು. ಅದರ ಬಾಯಿ ಬಿಡಿಸಿ ನೋಡಿದಾಗ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು: ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡದ ಮೂಳೆಯವರೆಗೆ. ಎಂದೋ ಯಾರೋ ಹೊಡೆದ ಗುಂಡಿನ ಫಲ ಅದು. ಕಡವೆ, ಕಾಡುಹಂದಿಗಳನ್ನು ಕಚ್ಚಿ ಹಿಡಿಯಲಾರದ ಹುಲಿ ಹುಲ್ಲು ಕೊಯ್ಯುವ ಹೆಂಗಸರ ಬೆನ್ನು ಹತ್ತಿತು. ತಪ್ಪು ಕಡೆ ಬಿದ್ದ ಒಂದು ಗುಂಡು, 436 ಮನೆಗಳಲ್ಲಿ ಸೂತಕ.

ನಮ್ಮ ಮಲೆನಾಡಿನ ಕೇಪಿನ ಕೋವಿಗಳ ಕಥೆಯೂ ಇದೇ. ಬೆಳೆ ಕಾಯಲೆಂದು ಪರವಾನಗಿ ಪಡೆದ ಆ ಕೋವಿಗಳಿಗೆ ಸೀಸದ ಚೂರು, ಮೊಳೆಯ ತುಂಡು, ಸಿಕ್ಕಿದ್ದನ್ನೆಲ್ಲ ತುರುಕುತ್ತಿದ್ದರು. ಹಂದಿಗೆಂದು ಕಾದು ಕೂತವನು ಕತ್ತಲೆಯಲ್ಲಿ ಹೊಳೆಯುವ ಕಣ್ಣುಗಳಿಗೆ ಈಡು ಹಾರಿಸಿದರೆ, ಚಿರತೆಯ ಕಾಲೋ ದವಡೆಯೋ ಕೆಟ್ಟು, ಕೆಲವು ತಿಂಗಳ ಮೇಲೆ ಮೂರೂರಿನಾಚೆ ಯಾರದೋ ದನ, ಆಮೇಲೆ ಯಾರದೋ ಮಗು. ಗುಂಡು ಹೊಡೆದವನಿಗೆ ಆ ಸುದ್ದಿ ತಲುಪಿದರೂ ಅದು ತನ್ನ ಗುಂಡಿನ ಫಲವೆಂದು ಅರಿವಾಗುವುದಿಲ್ಲ. ಗಾಯಗೊಂಡ ಮೃಗವನ್ನು ಹುಡುಕಿ ಮುಗಿಸದೆ ಮನೆಗೆ ಹೋಗಬಾರದೆಂಬುದು ಹಳೆಯ ಬೇಟೆಗಾರರಲ್ಲಿ ಧರ್ಮದಂತಿದ್ದ ಕಟ್ಟಳೆ. ಅದರ ಹಿಂದೆ ದಯೆಯೂ ಇತ್ತು, ಊರಿನ ಹೊಣೆಯೂ ಇತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ನಮ್ಮ ದೇಶದಲ್ಲಿ ಹುಲಿಬೇಟೆ ಮುಗಿಯಿತು. ಆಗಿನ ಎಣಿಕೆಯಲ್ಲಿ ದೇಶದಲ್ಲಿ ಉಳಿದಿದ್ದವು 1827 ಹುಲಿಗಳು. 1973ರ ಏಪ್ರಿಲ್ 1ರಂದು ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಎಣಿಕೆಯ ವಿಧಾನಗಳು ಬೇರೆಯಾಗಿದ್ದರೂ ಏರಿಕೆ ಸ್ಪಷ್ಟ: 2022ರ ಎಣಿಕೆಯಂತೆ ದೇಶದಲ್ಲಿ 3682, ಕರ್ನಾಟಕದಲ್ಲಿ 563. ಹುಲಿ ಹೆಚ್ಚಿದಂತೆ ಕಾಡಂಚಿನ ಹೊಲಗಳಲ್ಲಿ ಮನುಷ್ಯರೊಡನೆ ಘರ್ಷಣೆಯೂ ನಡೆಯುತ್ತದೆ. ಈಗ ಕಾಡಿಗಿಳಿಯುವ ತಂಡದ ಕೈಯಲ್ಲಿರುವುದು ಹೆಚ್ಚಾಗಿ ಅರಿವಳಿಕೆ ಸೂಜಿಯ ಕೋವಿ. 2021ರಲ್ಲಿ ಮಸಿನಗುಡಿಯ ಸುತ್ತ ನಾಲ್ವರನ್ನು ಕೊಂದಿತೆನ್ನಲಾದ ಟಿ-23 ಎಂಬ ಹುಲಿಯನ್ನು ಇಪ್ಪತ್ತೊಂದು ದಿನ ಹುಡುಕಿ, ಅಕ್ಟೋಬರ್ 15ರಂದು ಸೂಜಿ ಹೊಡೆದು ಜೀವಂತ ಹಿಡಿದು, ಚಿಕಿತ್ಸೆಗೆಂದು ನಮ್ಮ ಮೈಸೂರಿಗೆ ತಂದರು.

ಸೂಜಿಯ ಕೋವಿಯೂ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತದೆ. ಎಷ್ಟು ಅಂಗುಲದ ಗುಂಡು ಎಂಬುದರ ಬದಲು ಎಷ್ಟು ಮಿಲಿಲೀಟರ್ ಔಷಧ? ಕಡಿಮೆಯಾದರೆ ಹುಲಿ ಅರೆಪ್ರಜ್ಞೆಯಲ್ಲಿ ಏಳುತ್ತದೆ. ಹೆಚ್ಚಾದರೆ ಮತ್ತೆ ಏಳುವುದಿಲ್ಲ. ಪೊದೆಯೊಳಗೆ ಅರ್ಧ ಕಾಣುವ ಪ್ರಾಣಿಯ ತೂಕವನ್ನು ಪಶುವೈದ್ಯರು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಸೂಜಿ ತಾಗಿದ ಮೇಲೂ ಔಷಧ ಏರಲು ಹಲವು ನಿಮಿಷ ಬೇಕು. ಹುಲಿಗೆ ಬೇಕಾದದ್ದು ಮೊದಲೇ ಹೇಳಿದ ಎರಡು ಸೆಕೆಂಡು. ಕಾರ್ಬೆಟ್, ಆಂಡರ್ಸನ್ನರ ಧೈರ್ಯವನ್ನು ಹೊಗಳುವ ನಾವು, ಹೆಸರಿಲ್ಲದ ಈ ವೈದ್ಯರನ್ನೂ ಅವರ ಮುಂದೆ ಹೆಜ್ಜೆಜಾಡು ಹಿಡಿದು ನಡೆಯುವ ಸೋಲಿಗ, ಜೇನುಕುರುಬ ಕಾವಲುಗಾರರನ್ನೂ ಅದೇ ಗೌರವದಿಂದ ಕಾಣಬೇಕು. ಕಾಡಂಚಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮೇಷ್ಟ್ರ ಮಾತೊಂದೇ: ಹೊಲದಲ್ಲಿ ಹೆಜ್ಜೆ ಕಂಡರೆ ಕೋವಿಗೆ ಕೈಹಾಕದೆ, ಉರುಳು ಒಡ್ಡದೆ, ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ಮಕ್ಕಳನ್ನು ಮುಸ್ಸಂಜೆಗೆ ಮುಂಚೆ ಮನೆ ಸೇರಿಸಿಕೊಳ್ಳಿ.